ಬಾವಿಯ ಮೀನಿಗೆ ಹೇನು

"ಏ ಅಬೇದಾ, ಇಲ್ಲಿ ನೋಡ ಬೇ! ಮೀನಿಗೆ ಹೇನ ಆಗ್ಯಾವ!"

ಬಾವಿಯ ಕೆಳಗಿನ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ರಾಚವ್ವ ಕೂಗಿದಳು. ಅವಳ ದನಿ ನಾಲ್ಕೂ ಕಲ್ಲುಗೋಡೆಗೆ ಬಡಿದು ಮೇಲಿನ ಬೇವಿನ ಮರದವರೆಗೂ ಹೋಯಿತು.

"ಹುಚ್ಚಿ! ಮೀನಿಗೆ ಕೂದಲಾನ ಇಲ್ಲ. ಹೇನ ಎಲ್ಲಿ ಕೂಡ್ತಾವ?" ಅಬೇದಾ ಕೊಡ ಕೆಳಗಿಟ್ಟು ನಕ್ಕಳು.

"ಅದನ್ನ ಹೇನಿಗೇ ಕೇಳ. ಬಾ ಇಲ್ಲೆ."

ಅಬೇದಾ ಬಗ್ಗಿ ನೋಡಿದಳು. ನಗು ಅಲ್ಲೇ ನಿಂತಿತು.

ಮೋಟಬಾಲಿ ನೀರಿನ ಅಂಚಿಗೆ ಬಂದಿತ್ತು. ಅದು ಆ ಬಾವಿಯ ಎಲ್ಲಕ್ಕಿಂತ ಹಳೆಯ ಮೀನು. ಮೊಳದುದ್ದ ಇತ್ತು. ಎಂದೋ ಕೊಕ್ಕರೆ ಕುಕ್ಕಿ ಬಾಲದ ಅರ್ಧ ಹೋಗಿತ್ತು, ಅದಕ್ಕೇ ಆ ಹೆಸರು. ರೊಟ್ಟಿಯ ಚೂರು ಹಿಡಿದರೆ ಸಾಕು, ಬೆರಳ ತನಕ ಬರುತ್ತಿತ್ತು. ಇಂದು ರೊಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ತುರಿಕೆ ಹತ್ತಿದ ಎಮ್ಮೆ ಗೋಡೆಗೆ ಮೈ ಉಜ್ಜುವ ಹಾಗೆ ಮೆಟ್ಟಿಲ ಕಲ್ಲಿಗೆ ಪಕ್ಕೆ ತಿಕ್ಕುತ್ತಿತ್ತು. ಆ ಪಕ್ಕೆಯ ಮೇಲೆ ಚನ್ನಂಗಿ ಬೇಳೆಯಂಥ ಚಪ್ಪಟೆ ಚುಕ್ಕಿಗಳು ಅಂಟಿದ್ದವು. ನೋಡುತ್ತಿದ್ದಂತೆ ಒಂದು ಚುಕ್ಕಿ ಮೆಲ್ಲಗೆ ಸರಿದು ಈಜುರೆಕ್ಕೆಯ ಅಡಿಗೆ ಹೋಯಿತು.

ಬೇಳೆ ನಡೆಯುವುದಿಲ್ಲ. ಅದು ಹುಳವೇ.

"ಏನ್ರೇ ಅದು?" ಎನ್ನುತ್ತ, ನೀರು ತುಂಬಿಕೊಂಡು ಮೇಲೆ ಹತ್ತಿದ್ದ ಸಕ್ರವ್ವ ಮತ್ತೆ ಇಳಿದು ಬಂದಳು. ನೋಡಿದಳು. ತುಂಬಿದ್ದ ಕೊಡವನ್ನು ಮೆಟ್ಟಿಲ ಮೇಲೇ ಬರಿದು ಮಾಡಿದಳು. "ಯವ್ವಾ ನನ್ನವ್ವಾ! ಹೇನಿನ ನೀರು! ನಮ್ಮ ಅತ್ತಿಗೆ ಗೊತ್ತಾದ್ರ ಕೊಡದ ಸಂಗಾಟ ನನ್ನನ್ನೂ ಹೊರಗ ಇಡ್ತಾಳ!"

ಅರ್ಧ ಗಳಿಗೆಯಲ್ಲಿ ಮೆಟ್ಟಿಲ ತುಂಬ ಹೆಂಗಸರು. ಬಾವಿ ಮಲಕಾಜಪ್ಪನ ಹೊಲದಲ್ಲಿತ್ತು. ಆದರೆ ಕಾಖಂಡಕಿಯ ಆ ಕಡೆಯ ಓಣಿಗೆಲ್ಲ ಬೇಸಿಗೆಯಲ್ಲಿ ಸಿಹಿನೀರೆಂದರೆ ಅದೊಂದೇ. ಗದ್ದಲ ಕೇಳಿ ಮಲಕಾಜಪ್ಪನೂ ಬಂದ. ತಲೆಗೆ ಸುತ್ತಿದ ಹಳದಿ ಪಟಗ, ಕೈಯಲ್ಲಿ ಬಾರುಕೋಲು. ಒಳ್ಳೆಯ ಮನುಷ್ಯ. ಒಂದೇ ಒಂದು ದೋಷ, ಯಾವುದಕ್ಕೂ ಉಪಾಯ ಬಹಳ ಬೇಗ ಹೊಳೆಯುತ್ತಿತ್ತು.

"ನಾಳೆ ನಾ ಬಬಲೇಶ್ವರಕ್ಕ ಹೊಂಟೇನಿ," ಎಂದ. "ಬ್ಲೀಚಿಂಗ್ ಪೌಡರ್ ತಂದು ಒಂದ ಡಬ್ಬಿ ಸುರೀತೀನಿ. ಎಲ್ಲಾ ಹುಳಾ ಸತ್ತ ಹೋಗ್ತಾವ."

"ಮತ್ತ ಮೀನಾ, ಕಾಕಾ?" ಅಬೇದಾ ಕೇಳಿದಳು.

"ಮೀನೂ ಹೋಗ್ತಾವವ್ವಾ. ಏನ ಮಾಡೂದು? ಮಂದಿ ನೀರ ಕುಡೀಬೇಕಲ್ಲ." ಅವನು ಮೋಟಬಾಲಿಯನ್ನು ನೋಡಿ ನಿಟ್ಟುಸಿರು ಬಿಟ್ಟ. "ಮಕ್ತುಮಬಿ ಅಕ್ಕಾಗೂ ವಯಸ್ಸಾತು. ಕಣ್ಣ ಮಂಜಾಗಿರಬೇಕು. ಇಲ್ಲಂದ್ರ ಆಕಿ ಇಂಥಾ ಮೀನ ತಂದು ಬಿಡಾಕಿ ಅಲ್ಲ."

"ಇನ್ನ ಮುಂದ ಆಕಿ ಕೈಲೆ ಬಿಡಸೂದ ಬ್ಯಾಡ," ಎಂದಳು ಸಕ್ರವ್ವ.

ಮಕ್ತುಮಬಿ ಅಬೇದಾಳ ದಾದಿ, ಅಂದರೆ ಅಪ್ಪನ ತಾಯಿ. ಆದರೆ ಈ ಸಲ ಬಾವಿಗೆ ಮೀನು ಬಿಟ್ಟದ್ದು ದಾದಿ ಅಲ್ಲ. ಹಾಗಂತ ಹೇಳಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಹೆಂಗಸರೆಲ್ಲ ಹೋದ ಮೇಲೆ ಬರಿಗೊಡ ಹೊತ್ತುಕೊಂಡೇ ಮನೆಗೆ ಓಡಿದಳು.

ದಾದಿಯ ಕಾಲಿನ ಮೀನಖಂಡದ ಮೇಲೆ ಬೆರಳುದ್ದದ ಒಂದು ಗಾಯದ ಕಲೆ ಇತ್ತು. ಹರೆಯದಲ್ಲಿ ಅವಳಿಗೆ ನಾರುಹುಣ್ಣು ಆಗಿತ್ತಂತೆ. ಕಾಲಿನ ಹುಣ್ಣಿನಿಂದ ದಾರದಂಥ ಹುಳ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು, ಹರಿದರೆ ಮತ್ತೂ ಕಷ್ಟ. ಒಂದು ಸುಗ್ಗಿಯಿಡೀ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಆಗ ಊರಿಗೆ ಬಂದ ಒಬ್ಬ ಕಂಪೌಂಡರ ಹೇಳಿದ್ದ: ಈ ಹುಳದ ಬೀಜ ಕುಡಿಯುವ ನೀರಿನ ಸಣ್ಣ ಸಣ್ಣ ಜೀವಿಗಳ ಹೊಟ್ಟೆಯಲ್ಲಿರುತ್ತದೆ. ನೀರು ಸೋಸಿ ಕುಡಿಯಿರಿ, ಬಾವಿಗೆ ಮೀನು ಬಿಡಿರಿ, ಅವು ಆ ಜೀವಿಗಳನ್ನು ತಿಂದು ಹಾಕುತ್ತವೆ.

ಅಂದಿನಿಂದ ದಾದಿ ಬೇಸಿಗೆಗೊಮ್ಮೆ ಎರಡು ಮೈಲಿ ನಡೆದು ಡೋಣಿ ಹೊಳೆಯ ಮಡುವಿನಿಂದ ಒಂದು ಕೊಡ ಮೀನು ತರುತ್ತಿದ್ದಳು. ಯಾರೂ ಹೇಳಿದ ಕೆಲಸವಲ್ಲ. ಓಣಿಯವರು ಬೇಡ ಎಂದದ್ದೂ ಇಲ್ಲ. ತಂದ ಮೀನನ್ನು ಆ ದಿನವೇ ಬಾವಿಗೆ ಬಿಡುತ್ತಿರಲಿಲ್ಲ. ಹಿತ್ತಿಲ ಕಲ್ಲಿನ ಬಾನಿಯಲ್ಲಿ ಡೋಣಿಯ ಉಪ್ಪುಪ್ಪಾದ ಸವಳು ನೀರು ತುಂಬಿ ಒಂಬತ್ತು ದಿನ ಇಡುತ್ತಿದ್ದಳು. ದಿನಕ್ಕೆರಡು ಚೊಂಬು ಸಿಹಿನೀರು ಕೂಡಿಸುತ್ತಿದ್ದಳು. ಯಾಕೆ ಎಂದು ಕೇಳಿದರೆ "ಹೊಸ ಸೊಸಿ ಬಂದ ದಿನಾನ ಒಲಿ ಮುಂದ ಕೂಡಸ್ತಾರೇನ?" ಎಂದು ನಗುತ್ತಿದ್ದಳು.

ಈ ಸಲ ದಾದಿ ವಿಜಾಪುರಕ್ಕೆ ಹೋಗಿದ್ದಳು. ಜೋರಾಪುರ ಪೇಟೆಯಲ್ಲಿದ್ದ ಮಗಳ ಬಾಣಂತನ. ಹೋಗುವಾಗ ಅಬೇದಾಳಿಗೆ ಹೇಳಿದ್ದಳು, "ಡೋಣಿ ಮಡುವಿನ್ಯಾಗಿಂದ ತರಬೇಕು. ಒಂಬತ್ತ ದಿನ ಬಾನ್ಯಾಗ ಇಡಬೇಕು. ತಿಳೀತಿಲ್ಲ?"

ತಿಳಿದಿತ್ತು. ಆದರೆ ಬಿಸಿಲಿತ್ತು. ಮುಂಜಾನೆ ಸಾಲಿ ಮುಗಿಸಿ ಬಂದರೆ ರಾಚವ್ವ ಗಜಗ ಆಡಲು ಕರೆಯುತ್ತಿದ್ದಳು. ಸಾಲಿಯ ಹಿಂದೆಯೇ ಹಳ್ಳ, ಹಳ್ಳದಲ್ಲೊಂದು ಮಡು, ಮಡುವಿನ ತುಂಬ ಮೀನು! ಅವು ಎಷ್ಟು ಮಂದ ಇದ್ದವೆಂದರೆ ಚೊಂಬಿನಿಂದಲೇ ಹಿಡಿಯಬಹುದಿತ್ತು. ಹನ್ನೆರಡು ಮೀನು ಹಿಡಿದಳು. ಒಂಬತ್ತು ದಿನದ ಮಾತು ಅವಳಿಗೆ ಮುದುಕರ ಶಾಸ್ತ್ರದಂತೆ ಕಂಡಿತ್ತು. ಅದೇ ಸಂಜೆ ಬಾವಿಗೆ ಸುರಿದು ಆಟಕ್ಕೆ ಓಡಿದ್ದಳು.

ಅದು ಎಂಟು ದಿನದ ಹಿಂದಿನ ಮಾತು. ದಾದಿ ನಿನ್ನೆಯಷ್ಟೇ ಬಸ್ಸಿಳಿದು ಬಂದಿದ್ದಳು.

ಅಬೇದಾ ಮನೆ ಮುಟ್ಟುವ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ದಾದಿ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಹಚ್ಚಿದ್ದಕ್ಕೇ ಹಚ್ಚುತ್ತಿದ್ದಳು.

"ನನ್ನ ಕಣ್ಣ ಮಂಜಾಗ್ಯಾವಂತ," ಎಂದಳು. "ಸಕ್ರವ್ವ ಹೇಳಿ ಹೋದಳು. ಇರಬೇಕ ಬಿಡು."

ಅಷ್ಟರಲ್ಲಿ ರಾಚವ್ವ ಒಂದು ಚೊಂಬು ಹಿಡಿದು ಓಡಿ ಬಂದಳು. "ಆಯಿ, ಇದೊಂದ ಸತ್ತ ತೇಲಾಕತ್ತಿತ್ರಿ. ನಿಮಗ ತೋರ್ಸೂಣಂತ ತಂದೇನಿ."

ದಾದಿ ಮೀನನ್ನು ಅಂಗೈ ಮೇಲೆ ಇಟ್ಟುಕೊಂಡಳು. ಬಿಸಿಲಿಗೆ ಹಿಡಿದು ತಿರುಗಿಸಿದಳು. ಹೇನು ನೋಡಿದಳು. ಕಸಬರಿಗೆಯ ಕಡ್ಡಿಯೊಂದನ್ನು ಮುರಿದು ಮೀನಿನ ಕಿವಿರು ಎತ್ತಿದಳು. ಕಿವಿರಿನ ಒಳಗು ದಾಳಿಂಬೆ ಹೂವಿನ ಹಾಗೆ ಕೆಂಪಗಿರಬೇಕು. ಅದು ಬೂದಿ ಬಣ್ಣಕ್ಕೆ ತಿರುಗಿತ್ತು. ಕಡ್ಡಿಗೆ ಹತ್ತಿದ ಲೋಳೆಯನ್ನು ದಾದಿ ಎರಡು ಬೆರಳ ನಡುವೆ ತಿಕ್ಕಿದಳು.

"ಡೋಣಿ ಮಣ್ಣ ಕರ್ರಗ, ಬೆಣ್ಣಿಯಂಗ ಮೆತ್ತಗ," ಎಂದಳು. "ಇದು ಚರಚರ ಅಂತೈತಿ. ಇದ್ಯಾವ ಊರ ಮಣ್ಣು?"

ಕೇಳಿದ್ದು ಮೀನಿಗೆ. ಆದರೆ ಅಬೇದಾ ತಲೆ ತಗ್ಗಿಸಿದಳು.

"ದಾದಿ... ನಾ ಡೋಣಿಗೆ ಹೋಗೇ ಇಲ್ಲ. ಸಾಲಿ ಹಿಂದಿನ ಹಳ್ಳದಾಗಿಂದ ತಂದೆ. ಬಾನ್ಯಾಗೂ ಇಡಲಿಲ್ಲ."

"ಯಾಕ?"

"ಸಮೀಪ ಇತ್ತು."

ರಾಚವ್ವ ಸದ್ದಿಲ್ಲದೆ ಚೊಂಬು ಎತ್ತಿಕೊಂಡು ಹೋಗಿಬಿಟ್ಟಳು. ಬೈಗುಳ ಬೀಳುವ ಮನೆಯಲ್ಲಿ ನಿಲ್ಲಬಾರದು ಎಂಬುದು ಅವಳಿಗೆ ಗೊತ್ತಿತ್ತು.

ಬೈಗುಳ ಬೀಳಲಿಲ್ಲ. ದಾದಿ ಎಲೆ ಮಡಚಿ ಬಾಯಿಗಿಟ್ಟುಕೊಂಡು ಎದ್ದಳು. "ನಡಿ, ಆ ಹಳ್ಳ ತೋರ್ಸು."

ಹಳ್ಳದ ಮಡುವಿನ ನೀರು ಸುಣ್ಣ ಕದಡಿದಂತಿತ್ತು. ಎಂಟು ದಿನದ ಹಿಂದೆಯೂ ಹಾಗೇ ಇತ್ತೇನೋ. ಅಂದು ಅವಳ ಕಣ್ಣು ಬರೀ ಮೀನಿನ ಮೇಲಿತ್ತು. ಇಂದು ನಿಂತು ನೋಡಿದಳು. ದಂಡೆಯ ಹುಲ್ಲಿನ ಬುಡಕ್ಕೆ ಬೂದಿ ಬಳಿದಂತೆ ರಾಡಿ ಮೆತ್ತಿತ್ತು. ಕಪ್ಪೆಯ ಸದ್ದಿಲ್ಲ. ಮೀನುಗಳು ನೀರ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು.

"ಇವು ಯಾಕ ಮಂದ ಅದಾವ ಅಂತ ಈಗ ತಿಳೀತೇನ?" ಎಂದಳು ದಾದಿ. "ಸಣ್ಣ ಪುಡಿ ಕಿವಿರಿನಾಗ ತುಂಬೇತಿ. ಉಸರಾಡಾಕ ಆಗವಲ್ದು. ಸೊರಗಿದ ದನಕ್ಕ ಉಣ್ಣಿ ಹೆಚ್ಚ ಹತ್ತತಾವಿಲ್ಲ, ಹಂಗ. ಕಸುವಿದ್ದ ಮೀನಾದ್ರ ಹೇನ ಕೆಡವ್ಯಾಡ್ತಿತ್ತು. ಇವಕ್ಕ ಬಾಲಾ ಬೀಸಾಕೂ ತ್ರಾಣಿಲ್ಲ."

"ಪುಡಿ ಎಲ್ಲಿಂದ ಬಂತು, ದಾದಿ?"

ದಾದಿ ಗದ್ದ ಎತ್ತಿ ತೋರಿಸಿದಳು.

ಮೇಲಿನ ದಿಬ್ಬದಲ್ಲಿ ಕಲ್ಲಿನ ಖಣಿ. ಬರಗಾಲದ ವರ್ಷ ರಸ್ತೆ ಕೆಲಸಕ್ಕೆಂದು ತೆಗೆದದ್ದು, ಈಗ ಕಲ್ಲು ಪುಡಿಮಾಡಿ ಜಲ್ಲಿ ತೆಗೆಯುವ ಖಡಿ ಮಷಿನ್ ಕೂಡ ಬಂದಿತ್ತು. ಅಲ್ಲಿಂದ ಲಾರಿಗಳು ಸೊಲ್ಲಾಪುರ ರಸ್ತೆಗೆ ಖಡಿ ಹೊರುತ್ತಿದ್ದವು. ಖಣಿಯ ತಗ್ಗಿನಲ್ಲಿ ಸೆಲೆಯ ನೀರು ನಿಲ್ಲುತ್ತಿತ್ತು. ಅದನ್ನು ಎಳೆದು ಹೊರಹಾಕಲು ಒಂದು ಇಂಜಿನ್. ಇಂಜಿನ್ನಿನ ಪೈಪು ಹಳ್ಳದ ಕಡೆಗೆ ಬಾಯಿ ಮಾಡಿ ಬೂದಿಬಣ್ಣದ ನೀರು ಕಾರುತ್ತಿತ್ತು.

ಆ ಇಂಜಿನ್ ನಡೆಸುವವನು ಸಿಕಂದರ. ಅಬೇದಾಳ ಅಬ್ಬಾ.

"ಅಮ್ಮಾ? ನೀ ಯಾಕ ಬಂದಿ ಈ ಬಿಸಲಾಗ?" ಅಬ್ಬಾ ಇಂಜಿನ್ ನಿಲ್ಲಿಸಿ ಓಡಿ ಬಂದ. ಮೈಯೆಲ್ಲ ಎಣ್ಣೆ, ಹುಬ್ಬಿಗೆಲ್ಲ ಕಲ್ಲಪುಡಿ.

ದಾದಿ ಸತ್ತ ಮೀನಿನ ಕತೆ ಹೇಳಿದಳು. ಅಬೇದಾಳ ಪಾಲಿನ ಕತೆಯನ್ನು ಅಬೇದಾ ತಾನೇ ಹೇಳಿದಳು. ಅಬ್ಬಾ ಕೇಳಿ ಕಿವಿ ತುರಿಸಿಕೊಂಡ.

"ತಗ್ಗಿನ್ಯಾಗ ನೀರ ನಿಂತ್ರ ಕಲ್ಲ ಒಡೆಯಾಕ ಆಗೂದಿಲ್ಲಮ್ಮಾ. ಎಲ್ಲರೆ ಬಿಡಬೇಕಲ್ಲ?"

"ಬಿಡಬ್ಯಾಡ ಅಂದೆನೇನು? ಇಲ್ಲೇ ಯಾಕ ಬಿಟ್ಟಿ?"

"ಸಮೀಪ ಇತ್ತು," ಎಂದ ಅಬ್ಬಾ.

ಅಬೇದಾ ತಟ್ಟನೆ ತಲೆ ಎತ್ತಿ ಅಬ್ಬಾನ ಮುಖ ನೋಡಿದಳು. ದಾದಿಯೂ ಅಬೇದಾಳನ್ನು ನೋಡಿದಳು.

ಅಬ್ಬಾ ಮಡುವಿನ ದಂಡೆಗೆ ಇಳಿದ. ಬಾಯಿ ತೆರೆಯುತ್ತಿದ್ದ ಮೀನುಗಳನ್ನು ಬಹಳ ಹೊತ್ತು ನೋಡಿದ. "ದಿನಾ ಇಂಜಿನ್ ಹಚ್ಚತೀನಿ. ಒಂದ ದಿನಾನೂ ಇಳದ ನೋಡಲಿಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ ದೂರದ ಒಂದು ಹಾಳುಬಿದ್ದ ತಗ್ಗಿನ ಕಡೆ ಕೈ ಮಾಡಿದ. "ಆ ಹಳೇ ಖಣ್ಯಾಗ ಬಿಟ್ರ ರಾಡಿ ತಳಾ ಹಿಡೀತೈತಿ, ತಿಳಿನೀರ ಅಷ್ಟ ಹಳ್ಳಕ್ಕ ಬರ್ತೈತಿ. ಆದ್ರ ಇನ್ನೂ ನಾಕ ಪೈಪ ಬೇಕು. ಕೆಲಸಾ ಮಾಡಸೂ ಮುಕಾದಮ ಒದರ್ತಾನ."

"ಒದರ್ಲಿ. ಒದರಾಕ ಪೈಪ ಬೇಕಾಗೂದಿಲ್ಲ," ಎಂದಳು ದಾದಿ.

ಮನೆಗೆ ಬರುವ ದಾರಿಯಲ್ಲಿ ಅಬೇದಾ ಕೇಳಿದಳು, "ಮೋಟಬಾಲಿ ಉಳೀತೈತೇನ?"

"ಮಲಕಾಜಪ್ಪ ಡಬ್ಬಿ ಸುರಿಯೂಕಿಂತ ಮೊದಲ ಮೇಲೆ ತಗದ್ರ ಉಳೀಬಹುದು. ನಾಳೆ ಮುಂಜಾನೆ ಬಾವಿಗೆ ಹೋಗೂಣು. ನಾ ಸಂಗಾಟ ಬರ್ತೀನಿ. ಮಾತ ಮಾತ್ರ ನೀ ಆಡಬೇಕು."

ಮರುದಿನ ಸಾಲಿಗಿಂತ ಮೊದಲೇ ಅಬೇದಾ ಬಾವಿಯ ದಂಡೆಯ ಮೇಲೆ ನಿಂತಿದ್ದಳು. ಮಲಕಾಜಪ್ಪ ಬಬಲೇಶ್ವರದ ಬಸ್ಸಿಗೆ ಹೊರಡಲು ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ದೂರದ ಬಾವಿಗೆ ಹೊರಟ ಹೆಂಗಸರೂ ಅಲ್ಲಿ ನಿಂತಿದ್ದರು. ನೀರಿಲ್ಲದ ಕೊಡ, ಸಿಟ್ಟಿನ ಮುಖ.

ದಾದಿ ಬೇವಿನ ಮರದ ಕೆಳಗೆ ಕೂತು ಆಕಾಶ ನೋಡುತ್ತಿದ್ದಳು.

"ಕಾಕಾ, ಈ ಸಲ ಮೀನ ಬಿಟ್ಟಾಕಿ ನಾ," ಎಂದಳು ಅಬೇದಾ. ಮೊದಲ ಮಾತು ಬಂದ ಮೇಲೆ ಉಳಿದವು ತಾವೇ ಬಂದವು. "ದಾದಿ ಊರಾಗ ಇರಲಿಲ್ಲ. ಆಕಿ ಡೋಣಿಯಿಂದ ತಾ ಅಂದಿದ್ಲು, ನಾ ಹಳ್ಳದಿಂದ ತಂದೆ. ಒಂಬತ್ತ ದಿನ ಇಡ ಅಂದಿದ್ಲು, ನಾ ಇಡಲಿಲ್ಲ. ದಾದಿ ಕಣ್ಣ ಛಲೋ ಅದಾವ."

ಸಕ್ರವ್ವ ಸೊಂಟದ ಕೊಡ ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ನಿನ್ನೆ ನಾವು ಅಷ್ಟೆಲ್ಲಾ ಅನ್ನೂಮುಂದ ಸುಮ್ಕ ನಿಂತಿದ್ದಿಯಲ್ಲೇ, ಕಳ್ಳಿ!"

"ಅಂಜಿಕಿ ಬಂತು, ಚಿಗವ್ವಾ."

"ಈಗ?"

"ಈಗೂ ಐತಿ."

ಸಕ್ರವ್ವ ನಗು ತಡೆಯಲಾರದೆ ಮುಖಕ್ಕೆ ಸೆರಗು ಹಿಡಿದಳು. ಆಮೇಲೆ ಬೇವಿನ ಮರದ ಕಡೆಗೆ ತಿರುಗಿ, "ಅಕ್ಕಾ, ನಿನ್ನೆ ನನ್ನ ಬಾಯಿ ಸ್ವಲ್ಪ ಉದ್ದಾತು," ಎಂದಳು.

"ಅದು ಇವತ್ತಿಂದೇನವ್ವಾ," ಎಂದಳು ದಾದಿ. ಎಲ್ಲರೂ ನಕ್ಕರು, ಸಕ್ರವ್ವನೂ.

"ಅದೆಲ್ಲಾ ಖರೆ," ಎಂದ ಮಲಕಾಜಪ್ಪ. "ಹುಳದ್ದೇನ ಮಾಡೂದು?"

"ತಮ್ಮಾ, ಹೇನ ಬದುಕೂದು ಮೀನಿನ ರಕ್ತದ ಮ್ಯಾಲೆ," ಎಂದಳು ದಾದಿ. "ಮೀನ ಎಲ್ಲಾ ಮೇಲೆ ತಗದ್ರ ಬಾವ್ಯಾಗಿನ ಹೇನ ಉಪಾಸ ಬಿದ್ದು ಸಾಯ್ತಾವ. ಮೀನಿನ ಮೈ ಮ್ಯಾಲಿನ ಹೇನಿಗೆ ಡೋಣಿ ನೀರೈತಿ. ಸವಳ ನೀರಂತ ನಾವೆಲ್ಲಾ ಮಾರಿ ತಿರುವತೇವಿ. ಹೇನಿಗೂ ಅದು ಸೇರೂದಿಲ್ಲ, ಕೈ ಬಿಡ್ತಾವ. ಕಡಿಮಿ ಬಿದ್ರ ಮುಷ್ಟಿ ಉಪ್ಪ ಹಾಕಿದ್ರಾತು. ಅಲ್ಲೀಮಟಾ ನೀರ ಸೋಸಿ, ಕಾಸಿ ಕುಡದ್ರಾತು."

ಮಲಕಾಜಪ್ಪ ಬಸ್ಸಿನ ದಾರಿ ನೋಡಿದ, ಬಾವಿ ನೋಡಿದ. ಕಲ್ಲಿಗೆ ಮೈ ತಿಕ್ಕುತ್ತಿದ್ದ ಮೋಟಬಾಲಿಯನ್ನು ನೋಡಿದ. "ಬಲಿ ಎಲ್ಲೈತಿ? ಮೀನ ಹಿಡಿಯಾಕ ಬಲಿ ಬೇಕಲ್ಲ," ಎಂದ.

ಅಬೇದಾ ಅವನ ತಲೆಯ ಕಡೆಗೆ ನೋಡಿದಳು.

"ಏ, ಇದನ್ನ್ಯಾಕ ನೋಡ್ತಿ?" ಎಂದು ಮಲಕಾಜಪ್ಪ ಪಟಗ ಹಿಡಿದುಕೊಂಡ. ಹೆಂಗಸರೆಲ್ಲ ಒಮ್ಮೆಗೇ ನಕ್ಕರು. ಪಾಪ, ಬಿಚ್ಚಿಯೇ ಕೊಟ್ಟ. ಹನ್ನೆರಡು ಮೊಳದ ಪಟಗ! ಬಾವಿಯ ಈ ಗೋಡೆಯಿಂದ ಆ ಗೋಡೆಗೆ ಬರೋಬ್ಬರಿ ಮುಟ್ಟಿತು.

ಅಬ್ಬಾ ಖಣಿಗೆ ಹೋಗುವ ಮೊದಲು ಬಂದ. "ಕಾಲಾಗ ಹುಣ್ಣಿದ್ದಾವರು ನೀರಿಗೆ ಇಳೀಬ್ಯಾಡ್ರಿ," ಎಂದು ದಾದಿ ಎಲ್ಲರ ಕಾಲು ತಾನೇ ನೋಡಿ ಕಳಿಸಿದಳು. ನೀರು ಸೊಂಟದ ಮಟ್ಟ. ಅಬ್ಬಾ ಒಂದು ತುದಿ, ಮಲಕಾಜಪ್ಪ ಇನ್ನೊಂದು ತುದಿ ಹಿಡಿದು ಪಟಗ ಎಳೆದರು. ಸಣ್ಣ ಮೀನು ಮೂರು ಎಳೆತಕ್ಕೆ ಬಂದವು. ಮೋಟಬಾಲಿ ಬರಲಿಲ್ಲ. ಮೂಲೆಯ ಕಲ್ಲಿನ ಸಂದಿಗೆ ಹೋಗಿ ಕೂತಿತು.

ಅಬೇದಾ ಕೆಳಗಿನ ಮೆಟ್ಟಿಲ ಮೇಲೆ ಕೂತು ಕೈಯನ್ನು ನೀರಿಗೆ ಇಳಿಬಿಟ್ಟಳು. ರೊಟ್ಟಿಯ ಚೂರೂ ಇರಲಿಲ್ಲ, ಬರಿಗೈ. ಕೈ ಜೋಮು ಹಿಡಿಯಿತು. ಸಾಲಿಯ ಗಂಟೆ ಹೊಡೆಯಿತು. ಅವಳು ಏಳಲಿಲ್ಲ. ರಾಚವ್ವನೂ ಹೋಗದೆ ಪಕ್ಕದಲ್ಲಿ ಉಸಿರು ಹಿಡಿದು ಕೂತಳು. ಕೊನೆಗೆ ಮೋಟಬಾಲಿ ಸಂದಿಯಿಂದ ಸರಿದು ಬಂತು. ತುರಿಸುವ ಪಕ್ಕೆಯನ್ನು ಅವಳ ಅಂಗೈಗೆ ಒಮ್ಮೆ ತಿಕ್ಕಿತು.

"ಈಗ," ಎಂದು ಅವಳು ಪಿಸುಗುಟ್ಟಿದಳು. ಪಟಗ ಕೆಳಗಿನಿಂದ ಎದ್ದಿತು.

ಮಲಕಾಜಪ್ಪ ಅವತ್ತು ಬಬಲೇಶ್ವರಕ್ಕೆ ಹೋಗಲಿಲ್ಲ. ಚಕ್ಕಡಿ ಹೂಡಿ ಎರಡು ಬ್ಯಾರಲ್ ಡೋಣಿ ನೀರು ತಂದು ದಾದಿಯ ಬಾನಿಗೆ ಸುರಿದ. ಪಟಗದಿಂದ ಮೀನಿನ ವಾಸನೆ ಹೋಗಿಲ್ಲವೆಂದು ನಾಲ್ಕು ದಿನ ಬರಿತಲೆಯಲ್ಲೇ ತಿರುಗಿದ.

ಅಬೇದಾಳ ಕೆಲಸ ಬಾನಿಯ ಮುಂದೆ ಕೂರುವುದು. ಮೊದಲ ದಿನ ಆರು ಹೇನು ಕೈಬಿಟ್ಟು ತಳಕ್ಕೆ ಬಿದ್ದವು. ಎರಡನೆಯ ದಿನ ಇಪ್ಪತ್ತು. ಹಳ್ಳದಿಂದ ಬಂದ ಮೀನುಗಳಲ್ಲಿ ಮೂರು ಸತ್ತವು. ಅವಳು ಹಿತ್ತಿಲಲ್ಲಿ ಕುಣಿ ತೋಡಿ ಹುಗಿದಳು. ನಾಲ್ಕನೆಯ ದಿನ ಮೋಟಬಾಲಿ ಮೈ ತಿಕ್ಕುವುದನ್ನು ಬಿಟ್ಟಿತು. ಆರನೆಯ ದಿನ ರೊಟ್ಟಿ ತಿಂದಿತು.

ಅಬ್ಬಾ ದಿನಾ ಸಂಜೆ ಬಂದು ಬಾನಿಯಲ್ಲಿ ಇಣುಕುತ್ತಿದ್ದ. ಮುಕಾದಮ ಎರಡು ದಿನ ಒದರಿ, ಮೂರನೆಯ ದಿನ ನಾಲ್ಕು ಹಳೆಯ ಪೈಪು ಕೊಟ್ಟಿದ್ದನಂತೆ. ಒಂದು ಸೋರುತ್ತಿತ್ತು, ಅಬ್ಬಾ ಅದಕ್ಕೆ ರಬ್ಬರ್ ಸುತ್ತಿದ್ದ. ಪೈಪಿನ ನೀರು ಈಗ ಹಳೇ ಖಣಿಗೆ ಬೀಳುತ್ತಿತ್ತು. ಮಡು ಮಾತ್ರ ಇನ್ನೂ ಬೂದಿಯ ಬಣ್ಣದಲ್ಲೇ ಇತ್ತು. ಅದಕ್ಕೆ ಮಳೆಯೇ ಬರಬೇಕು ಎಂದ.

ಒಂಬತ್ತನೆಯ ದಿನ ಹಿತ್ತಿಲ ತುಂಬ ಮಂದಿ. ಸಕ್ರವ್ವ ಕೊಡ ತಂದಿದ್ದಳು. ಮಲಕಾಜಪ್ಪ ಒಗೆದ ಪಟಗ ಸುತ್ತಿಕೊಂಡು ಬಂದಿದ್ದ.

"ಒಂಬತ್ತ ಆತು ನಡೀರಿ, ಬಾವಿಗೆ ಬಿಡೂಣು," ಎಂದು ರಾಚವ್ವ ಅವಸರ ಮಾಡಿದಳು. "ಎಷ್ಟ ದಿನಾತು, ಗಜಗಾ ಆಡೇ ಇಲ್ಲ."

ದಾದಿ ಅಬೇದಾಳನ್ನು ನೋಡಿದಳು. "ಬಿಡೂಣೇನ?"

ಅಬೇದಾ ಬಾನಿಯ ಮೇಲೆ ಬಗ್ಗಿದಳು. ನೀರಿಗೆ ಮೂಗು ತಾಗುವಷ್ಟು ಬಗ್ಗಿದಳು. ಒಂದೊಂದೇ ಮೀನನ್ನು ಈ ಕಡೆಯಿಂದ ಆ ಕಡೆಗೆ ಹೋಗಿ ಮತ್ತೆ ಬರುವ ತನಕ ಕಣ್ಣಲ್ಲೇ ಹಿಡಿದಳು. ಎಲ್ಲರೂ ಕಾದರು.

"ಇಲ್ಲ ದಾದಿ," ಎಂದಳು ಕೊನೆಗೆ. "ಆ ಸಣ್ಣದರ ರೆಕ್ಕಿ ಬುಡಕ ಒಂದ ಐತಿ. ಇನ್ನೂ ಎರಡ ದಿನ ಇರ್ಲಿ."

"ಒಂಬತ್ತ ದಿನದ ಲೆಕ್ಕ ತಪ್ಪತೈತಲ್ಲ?" ಎಂದಳು ದಾದಿ.

ಅಬೇದಾ ಆ ಸಣ್ಣ ಮೀನು ಮತ್ತೆ ತಿರುಗಿ ಬರುವುದನ್ನು ಕಾಯುತ್ತಿದ್ದಳು.

ದಾದಿ ಗೋಡೆಯ ಬದಿಯ ಮಣೆ ಎಳೆದು ಅವಳ ಪಕ್ಕದಲ್ಲೇ ಕೂತಳು.